ಗುಂಡಿಗೂ ನಳಿಗೆಗೂ ನಡುವಿನ ಸಂದು

ಹದಿನೆಂಟನೇ ಶತಮಾನದ ಬ್ರಿಟಿಷ್ ಕಾಲಾಳು ಹೊರುತ್ತಿದ್ದ ಕೋವಿಗೆ ‘ಬ್ರೌನ್ ಬೆಸ್’ ಎಂದು ಅಡ್ಡಹೆಸರು. ಅದರ ನಳಿಗೆಯ ಬಾಯಿ ಎಷ್ಟು ಅಗಲ ಎಂಬುದನ್ನು ಆ ಕಾಲದ ಕಮ್ಮಾರರು ಇಂಚಿನಲ್ಲಿ ಹೇಳುತ್ತಿರಲಿಲ್ಲ. ಆ ಬಾಯಿಗೆ ಸರಿಯಾಗಿ ಕೂರುವಂಥ ಗುಂಡುಗಳನ್ನು ಒಂದು ಪೌಂಡು ಸೀಸದಿಂದ ಎಷ್ಟು ಎರಕ ಹೊಯ್ಯಬಹುದು ಎಂಬ ಎಣಿಕೆಯೇ ಅಳತೆ. ಬ್ರೌನ್ ಬೆಸ್ ನಳಿಗೆ ಈ ಲೆಕ್ಕದಲ್ಲಿ ಪೌಂಡಿಗೆ 11ರದು. ಆದರೆ ಸಿಪಾಯಿಗೆ ಕೊಡುತ್ತಿದ್ದ ಗುಂಡು ಪೌಂಡಿಗೆ ಸುಮಾರು 14ರದು. ಇಂಚಿಗೆ ತಿರುಗಿಸಿದರೆ ನಳಿಗೆ 0.75, ಗುಂಡು 0.69. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಕೇಳಲು ಅಲ್ಪವೆನಿಸಿದರೂ ಕ್ಷೇತ್ರಫಲದ ಲೆಕ್ಕ ಹಾಕಿದರೆ ನಳಿಗೆಯ ಅಡ್ಡಸೀಳಿನಲ್ಲಿ ನೂರಕ್ಕೆ 15ರಷ್ಟು ಜಾಗ ಬರಿದಾಗಿಯೇ ಉಳಿಯುತ್ತದೆ. ಬರಿಯ ಗುಂಡನ್ನು ಒಳಗೆ ಬಿಟ್ಟು ಕೋವಿ ಅಲ್ಲಾಡಿಸಿದರೆ ಡಬ್ಬಿಯೊಳಗಿನ ಗೋಟಡಿಕೆಯಂತೆ ಲೊಟಲೊಟ ಸದ್ದು ಕೇಳಬೇಕು, ಅಷ್ಟು ಸಡಿಲು. ಒಂದು ಸಾಮ್ರಾಜ್ಯ ತನ್ನ ಸೈನ್ಯದ ಮುಖ್ಯ ಆಯುಧವನ್ನು ಇಷ್ಟು ಸಡಿಲಾಗಿ ಏಕೆ ಇಟ್ಟುಕೊಂಡಿತ್ತು? ಹಳೆಯ ಕಾಲದ ಒರಟು ಕೆಲಸ, ಅಷ್ಟೇ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ. ಆ ಸಂದು ಗೊತ್ತಿದ್ದೂ ಇಟ್ಟದ್ದು. ಬಾಯಿಯಿಂದ ತುಂಬುವ, ಒಳಗೆ ನುಣುಪಾದ ನಳಿಗೆಯ ಕೋವಿಗಳ ಚರಿತ್ರೆಯೆಲ್ಲ ಆ ಸಂದನ್ನು ಏನು ಮಾಡಬೇಕು ಎಂಬ ಒಂದು ಪ್ರಶ್ನೆಯ ಸುತ್ತ ಬೆಳೆದದ್ದು. ಸೈನಿಕ, ಬೇಟೆಗಾರ, ಗುರಿಕಾರ ಮೂವರೂ ಅದಕ್ಕೆ ಬೇರೆ ಬೇರೆ ಉತ್ತರ ಕೊಟ್ಟರು. ಆ ಉತ್ತರಗಳು ಭಿನ್ನವಾದದ್ದು ಅವರವರ ಕೈಯಲ್ಲಿ ಎಷ್ಟು ಹೊತ್ತಿತ್ತು ಎಂಬುದರಿಂದ.

ಮೊದಲು ಸೈನಿಕನ ಕ್ರಮ ನೋಡೋಣ. ಗುಂಡು, ಮದ್ದು ಎರಡನ್ನೂ ಒಂದೇ ಕಾಗದದ ಸುರುಳಿಯಲ್ಲಿ ಕಟ್ಟಿದ ತೋಟೆ ಅವನ ಸೊಂಟದ ಪೆಟ್ಟಿಗೆಯಲ್ಲಿರುತ್ತಿತ್ತು. ಹದಿನೇಳನೇ ಶತಮಾನದಲ್ಲಿ ಸ್ವೀಡನ್ನಿನ ಗುಸ್ತಾವಸ್ ಅಡಾಲ್ಫಸನ ಪಡೆಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಈ ತೋಟೆ, ಅಳತೆಯ ಮದ್ದನ್ನು ಮರದ ಭರಣಿಗಳಲ್ಲಿ ಎದೆಗೆ ಅಡ್ಡಲಾಗಿ ನೇತುಹಾಕಿಕೊಳ್ಳುವ ಹಳೆಯ ಪದ್ಧತಿಯನ್ನು ನಿಧಾನವಾಗಿ ಹೊರಗೆ ಹಾಕಿತು. ಸಿಪಾಯಿ ತೋಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಚಕಮಕಿಯ ಕೆಳಗಿನ ರಂಜಕದ ಬಟ್ಟಲಿಗೆ ಸುರಿದು ಮುಚ್ಚಳ ಹಾಕುವನು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಉಳಿದ ಮದ್ದನ್ನು ನಳಿಗೆಯ ಬಾಯಿಗೆ ಹೊಯ್ಯುವನು. ಬಳಿಕ ಗುಂಡನ್ನು ಅದರ ಕಾಗದದ ಸಮೇತ ಒಳಗೆ ತುರುಕಿ, ಗಜ ಎಂಬ ಕೋಲನ್ನು ಸೆಳೆದು ಒಂದೆರಡು ಬಾರಿ ಗಿಡಿಯುವನು. ಈ ಕೊನೆಯ ಹಂತದಲ್ಲಿ ಕಾಗದಕ್ಕೆ ಎರಡನೆಯ ಕೆಲಸವೊಂದು ಸಿಗುತ್ತದೆ. ಅಲ್ಲಿಯವರೆಗೆ ಪೊಟ್ಟಣವಾಗಿದ್ದದ್ದು ಈಗ ಬಿರಡೆ. ಮುದುಡಿದ ಕಾಗದ ಸಂದನ್ನು ಅಷ್ಟಿಷ್ಟು ತುಂಬುತ್ತದೆ, ಗುಂಡು ಮುಂದಕ್ಕೆ ಉರುಳದಂತೆ ಹಿಡಿಯುತ್ತದೆ, ಸಿಡಿಯುವಾಗ ಹೊಗೆ ಒಮ್ಮೆಲೇ ಪಕ್ಕದಿಂದ ನುಸುಳುವುದನ್ನು ಕೊಂಚ ತಡೆಯುತ್ತದೆ. ಅವಸರದಲ್ಲಿ ಗಜವನ್ನೇ ಎತ್ತದೆ ಕೋವಿಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಗುಂಡನ್ನು ಇಳಿಸಿಬಿಡುವ ಸಿಪಾಯಿಗಳೂ ಇದ್ದರು. ಸಂದು ಅಷ್ಟು ದೊಡ್ಡದಿದ್ದರಿಂದಲೇ ಅದು ಸಾಧ್ಯವಾಗುತ್ತಿತ್ತು. ಅಧಿಕಾರಿಗಳು ಅದನ್ನು ಬಯ್ಯುತ್ತಿದ್ದದ್ದಕ್ಕೆ ಕಾರಣವಿದೆ: ಗುಂಡು ಮದ್ದಿನ ಮೇಲೆ ಒತ್ತಿ ಕೂರದೆ ನಡುವೆ ಎಲ್ಲೋ ನಿಂತರೆ ಏಟು ಸಪ್ಪೆಯಾಗುವುದಷ್ಟೇ ಅಲ್ಲ, ನಳಿಗೆ ಉಬ್ಬಿ ಒಡೆಯುವ ಅಪಾಯವೂ ಇದೆ.

ಸಡಿಲಿಗೆ ತೆತ್ತ ಬೆಲೆ ಸಣ್ಣದಲ್ಲ, ಅದು ಆ ಕಾಲದವರಿಗೆ ತಿಳಿಯದ್ದೂ ಅಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ’ಯಲ್ಲಿ ತೂಗುಲೋಲಕಕ್ಕೆ ಗುಂಡು ಹೊಡೆದು ಅದರ ವೇಗವನ್ನು ಅಳೆಯುವ ವಿಧಾನವನ್ನು ವಿವರಿಸಿದ, ಸೆಕೆಂಡಿಗೆ 1,600 ಅಡಿಗೂ ಮೀರಿದ ವೇಗಗಳು ಅವನಿಗೆ ಸಿಕ್ಕವು. ಇಷ್ಟು ವೇಗದ ಗುಂಡು ಏಕೆ ನೆಟ್ಟಗೆ ಹೋಗುವುದಿಲ್ಲ ಎಂಬುದು ಅವನ ಮುಂದಿನ ಪ್ರಶ್ನೆ. ಸಡಿಲಾದ ಗುಂಡು ನಳಿಗೆಯ ಒಂದು ಗೋಡೆಯನ್ನು ಉಜ್ಜಿಕೊಂಡು ಹೊರಬೀಳುತ್ತದೆ, ಆ ಉಜ್ಜುವಿಕೆಯಿಂದ ಅದಕ್ಕೊಂದು ತಿರುಗಾಟ ಹತ್ತುತ್ತದೆ, ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ ಎಂದು ಅವನು ವಾದಿಸಿದ. ಯಾವ ಗೋಡೆಯನ್ನು ಉಜ್ಜುತ್ತದೆ ಎಂಬುದು ಪ್ರತಿ ಏಟಿಗೂ ಬೇರೆಯಾದ್ದರಿಂದ ಗುಂಡು ಯಾವ ಕಡೆ ಬಾಗುತ್ತದೆ ಎಂದು ಮೊದಲೇ ಹೇಳುವಂತಿಲ್ಲ. ಇದನ್ನು ತೋರಿಸಲು ಅವನು ಹೂಡಿದ ಪ್ರಯೋಗ ಸೊಗಸಾದದ್ದು. ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿದ. ತೆಳ್ಳನೆಯ ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ತಿರುಗಿತು, ಪರದೆಗಳ ಮೇಲಿನ ತೂತುಗಳೇ ಅದಕ್ಕೆ ಸಾಕ್ಷಿ. ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಯನ್ನೇ ಉಜ್ಜಬೇಕಾಗಿತ್ತಲ್ಲ, ತಿರುಗಾಟದ ದಿಕ್ಕನ್ನು ಅವನು ಹೀಗೆ ಮೊದಲೇ ಗೊತ್ತುಮಾಡಿಬಿಟ್ಟಿದ್ದ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ತನ್ನ ಕೋಟೆಗಳ ಕೆಲಸಕ್ಕೆ ಎಂಜಿನಿಯರ್ ಜನರಲ್ ಆಗಿ ನೇಮಿಸಿಕೊಂಡಿತು. ಭಾರತಕ್ಕೆ ಬಂದ ಅವನು ಹೆಚ್ಚು ದಿನ ಬಾಳಲಿಲ್ಲ, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಎಂದರೆ, ಸಂದಿನ ದೋಷವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅದೇ ಸಡಿಲು ಕೋವಿಯನ್ನು ಸಾವಿರಗಟ್ಟಲೆ ಕೊಳ್ಳುತ್ತಿದ್ದ ಕಂಪನಿಯ ಸಂಬಳದಲ್ಲೇ ಇದ್ದ. ಅವನ ಮಾತು ಗೊತ್ತಿಲ್ಲದೆ ಸೈನ್ಯಗಳು ಆ ಕೋವಿಯನ್ನು ಇಟ್ಟುಕೊಂಡವು ಎನ್ನುವಂತಿಲ್ಲ. ಕರ್ನಲ್ ಜಾರ್ಜ್ ಹ್ಯಾಂಗರ್ ಎಂಬ ಬ್ರಿಟಿಷ್ ಅಧಿಕಾರಿ 1814ರಲ್ಲಿ ಇನ್ನೂ ಬಿಚ್ಚಿ ಬರೆದ: ಸಿಪಾಯಿಯ ಕೋವಿ 80 ಯಾರ್ಡ್ ದೂರದ ಆಳಿಗೆ ತಗಲೀತು, 100ಕ್ಕೂ ತಗಲಬಹುದೇನೋ, 150 ಯಾರ್ಡಿನಲ್ಲಿ ಏಟು ತಿನ್ನುವವನು ಬಹಳ ನತದೃಷ್ಟನಾಗಿರಬೇಕು, 200ರಾಚೆಗೆ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಒಂದೇ.

ಹಾಗಾದರೆ ಇಷ್ಟು ನಷ್ಟವನ್ನು ಸಹಿಸಿದ್ದು ಯಾವುದಕ್ಕೆ? ಉತ್ತರ ಇರುವುದು ಮದ್ದಿನ ಗುಣದಲ್ಲಿ. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಎಂಬ ಪಾಕದ ಕರಿಮದ್ದು ಉರಿದರೆ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಆಂಡ್ರ್ಯೂ ನೋಬಲ್, ಫ್ರೆಡರಿಕ್ ಏಬಲ್ ಎಂಬಿಬ್ಬರು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಮದ್ದು ಸುಟ್ಟು ಅಳೆದಾಗ, ತೂಕದ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುವುದು ಕಂಡಿತು. ಇದರಲ್ಲಿ ಬಹುಪಾಲು ಪೊಟ್ಯಾಸಿಯಮ್ಮಿನ ಲವಣಗಳು. ಒಂದಿಷ್ಟು ಬಾಯಿಂದಾಚೆ ಹಾರಿಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಹತ್ತುತ್ತದೆ. ಮಳೆಗಾಲದ ಗಾಳಿಯಲ್ಲಿ ಅದು ನೀರು ಹೀರಿ ಜಿಗುಟಾಗುತ್ತದೆ, ಒಣ ಸೆಕೆಯಲ್ಲಿ ಗಟ್ಟಿ ಹೆಪ್ಪಾಗುತ್ತದೆ. ಎರಡೂ ಗುಂಡು ಇಳಿಯಲು ಅಡ್ಡಿ. ಮೊದಲನೆಯ ಏಟಿಗೆ ಒಂದೂವರೆ ಮಿಲಿಮೀಟರ್ ಇದ್ದ ಸಂದು ಇಪ್ಪತ್ತನೆಯ ಏಟಿಗೆ ಅಷ್ಟೇ ಇರುವುದಿಲ್ಲ. ನೆಪೋಲಿಯನ್ನನ ಕಾಲದ ಬ್ರಿಟಿಷ್ ಸಿಪಾಯಿಯ ಹತ್ತಿರ 60 ತೋಟೆಗಳವರೆಗೆ ಇರುತ್ತಿದ್ದವು. ಅವೆಲ್ಲ ಮುಗಿಯುವತನಕ, ತೊಳೆಯಲು ಬಿಡುವಿಲ್ಲದೆ, ಕೋವಿ ಗುಂಡನ್ನು ನುಂಗುತ್ತಲೇ ಇರಬೇಕು. ಒಟ್ಟಿನಲ್ಲಿ ಆ ಸಂದು ಬರಲಿರುವ ಕಿಟ್ಟಕ್ಕೆಂದು ಮೊದಲೇ ಬಿಟ್ಟ ಜಾಗ. ಅದೂ ಸಾಲದೆ ಹೋದ ಸಂದರ್ಭಗಳಿದ್ದವು. 1800ರ ಮರೆಂಗೋ ಕಾಳಗದಲ್ಲಿ ಫ್ರೆಂಚ್ ಸಿಪಾಯಿ ಕ್ವಾನ್ಯೆ ಮತ್ತು ಅವನ ಸಂಗಡಿಗರ ಕೋವಿಗಳಲ್ಲಿ ತೋಟೆ ಇಳಿಯದಷ್ಟು ಕಿಟ್ಟ ಕಟ್ಟಿದಾಗ, ಅವರು ನಳಿಗೆಯೊಳಗೇ ಉಚ್ಚೆ ಹೊಯ್ದು ತೊಳೆದರು. ಬಿಡಿ ಮದ್ದು ಸುಟ್ಟು ಒಣಗಿಸಿ ಮತ್ತೆ ತುಂಬಿದರು. ಕ್ವಾನ್ಯೆಯ ನೆನಪಿನ ಪುಸ್ತಕದಲ್ಲಿ ಈ ಸಂಗತಿ ಇದೆ. ದಂಡಿನ ನೀತಿ ಬಲ್ಲವರು ಇದನ್ನು ಹಾಸ್ಯವೆಂದು ಓದಲಾರರು.

ಸಂದು ಇದ್ದರೆ ಗುಂಡು ತನ್ನ ಭಾರಕ್ಕೇ ಇಳಿಯುತ್ತದೆ. ಇಳಿದರೆ ನಿಮಿಷಕ್ಕೆ ಎರಡು ಮೂರು ಏಟು. ಈ ಎಣಿಕೆಯ ಮೇಲೆಯೇ ಹದಿನೆಂಟನೇ ಶತಮಾನದ ಕವಾಯತು ನಿಂತಿತ್ತು. ಮರದ ಗಜ ಅವಸರದಲ್ಲಿ ಮುರಿಯುತ್ತಿತ್ತು, ತೇವಕ್ಕೆ ಉಬ್ಬುತ್ತಿತ್ತು. ಪ್ರಷ್ಯದಲ್ಲಿ ಆನ್‌ಹಾಲ್ಟ್-ಡೆಸಾವಿನ ಲಿಯೋಪೋಲ್ಡ್ ತನ್ನ ದಳಕ್ಕೆ ಕಬ್ಬಿಣದ ಗಜ ಕೊಡಿಸಿದ. 1718ರ ಹೊತ್ತಿಗೆ ಅದು ಇಡೀ ಪ್ರಷ್ಯನ್ ಸೈನ್ಯಕ್ಕೆ ಬಂತು. 1741ರಲ್ಲಿ ಮೋಲ್ವಿಟ್ಸಿನ ಹಿಮದ ಬಯಲಿನಲ್ಲಿ ಪ್ರಷ್ಯದ ಕುದುರೆ ದಳ ಚದುರಿ ಓಡಿದ ಮೇಲೂ ಕಾಲಾಳುಗಳು ನಿಂತು ಗೆದ್ದದ್ದಕ್ಕೆ ಅವರ ತುಂಬುವ ವೇಗ ದೊಡ್ಡ ಕಾರಣವೆಂದು ಯೂರೋಪು ನಂಬಿತು. ಬೇರೆ ಸೈನ್ಯಗಳೂ ಮರದ ಗಜ ಬಿಟ್ಟವು. ಆಮೇಲೆ ಪ್ರಷ್ಯನ್ನರು ಗಜದ ಎರಡೂ ತುದಿಯನ್ನು ಒಂದೇ ದಪ್ಪ ಮಾಡಿ, ಅದನ್ನು ತಿರುಗಿಸಿ ಹಿಡಿಯುವ ಒಂದು ಚಲನೆಯನ್ನೂ ಉಳಿಸಿದರು. ರಂಜಕದ ಕಿವಿಯನ್ನು ಒಳಗಿನಿಂದ ಅಗಲ, ಹೊರಕ್ಕೆ ಕಿರಿದು ಮಾಡಿ, ಮುಖ್ಯ ಮದ್ದೇ ಬಟ್ಟಲಿಗೆ ಸೋರುವಂತೆ ಮಾಡಿದರು. ಎಲ್ಲವೂ ಅರೆಕ್ಷಣಗಳ ಉಳಿತಾಯ. ಗುರಿ ಸುಧಾರಿಸುವ ಪ್ರಯತ್ನ ಇವುಗಳಲ್ಲಿ ಒಂದೂ ಇಲ್ಲ. ಹಾಗೆ ನೋಡಿದರೆ ಬ್ರಿಟಿಷ್ ಸಿಪಾಯಿಗೆ ಶಾಂತಿಯ ಕಾಲದಲ್ಲಿ ಅಭ್ಯಾಸಕ್ಕೆಂದು ಸಿಗುತ್ತಿದ್ದ ನಿಜವಾದ ಗುಂಡುಗಳು ವರ್ಷಕ್ಕೆ ಬೆರಳೆಣಿಕೆಯಷ್ಟೇ. ಗುರಿಕಾರರನ್ನು ತಯಾರಿಸುವ ಇರಾದೆಯಿದ್ದ ಸರ್ಕಾರ ಸೀಸಕ್ಕೆ ಅಷ್ಟು ಕೈ ಬಿಗಿ ಹಿಡಿಯುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ನಳಿಗೆಗಳನ್ನು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದು ಕೊರೆಯುತ್ತಿದ್ದ ಕಾಲ ಅದು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಸಾವಿರಾರು ಜನರಿಗೆ ಒಂದೇ ತೋಟೆ ಹಂಚಬೇಕಾದರೆ ತೀರಾ ಇಕ್ಕಟ್ಟಿನ ನಳಿಗೆಗೂ ಹೋಗುವ ಗುಂಡೇ ಬೇಕು. ಹಾಗಾಗಿ ಸಂದು ಕೈಗಾರಿಕೆಯ ಬಡತನ, ಯುದ್ಧನೀತಿಯೇನಲ್ಲ ಎಂಬ ವಾದ. ಇದರಲ್ಲಿ ನಿಜಾಂಶ ಇಲ್ಲದಿಲ್ಲ. ಫ್ರೆಂಚರ ಕೋವಿಯ ನಳಿಗೆ 0.69 ಇಂಚಿನದು, ಗುಂಡು ಅದಕ್ಕಿಂತ ಸಣ್ಣದು. ಆದ್ದರಿಂದ ಸಿಕ್ಕಿಬಿದ್ದ ಫ್ರೆಂಚ್ ತೋಟೆಯನ್ನು ಬ್ರಿಟಿಷರು ಹೇಗೋ ಹೊಡೆಯಬಹುದಿತ್ತು, ಬ್ರಿಟಿಷ್ ಗುಂಡು ಫ್ರೆಂಚ್ ನಳಿಗೆಗೆ ಇಳಿಯುತ್ತಿರಲಿಲ್ಲ. ಹೊಂದಾಣಿಕೆಯ ಲಾಭ ಹೀಗೆಲ್ಲ ಇತ್ತು. ಆದರೆ ಕಾರಣ ಅದೊಂದೇ ಆಗಿದ್ದರೆ, ಕೊರೆಯುವ ಕೆಲಸ ಸುಧಾರಿಸಿದಂತೆ ಸಂದು ಕಿರಿದಾಗುತ್ತ ಬರಬೇಕಿತ್ತು. ಫಿರಂಗಿಯಲ್ಲಿ ಹಾಗೆಯೇ ಆಯಿತು. ಜಾನ್ ವಿಲ್ಕಿನ್ಸನ್ 1774ರಲ್ಲಿ ಗಟ್ಟಿ ಎರಕವನ್ನು ಕೊರೆಯುವ ಯಂತ್ರಕ್ಕೆ ಹಕ್ಕು ಪಡೆದ. ಅದೇ ದಶಕದಲ್ಲಿ ಸ್ಕಾಟ್ಲೆಂಡಿನ ಕ್ಯಾರನ್ ಕಂಪನಿ ತಯಾರಿಸಿದ ಕ್ಯಾರೊನೇಡ್ ಎಂಬ ಗಿಡ್ಡ ಹಡಗುಫಿರಂಗಿ, ಗುಂಡು ಬಿಗಿಯಾಗಿ ಕೂರುತ್ತಿದ್ದುದರಿಂದಲೇ ಸ್ವಲ್ಪ ಮದ್ದಿನಲ್ಲಿ ಭಾರೀ ಏಟು ಹಾಕುತ್ತಿತ್ತು. ಕಾಲಾಳಿನ ಕೋವಿಯ ಕಥೆಯೇ ಬೇರೆ. ಚಕಮಕಿ ಹೋಗಿ, ಬಡಿದರೆ ಕಿಡಿಯೇಳುವ ಕೇಪು ಬಂದ ಮೇಲೆ, 1842ರ ಮಾದರಿಯ ಬ್ರಿಟಿಷ್ ಕೋವಿಯಲ್ಲೂ ನಳಿಗೆ ಅದೇ ಮುಕ್ಕಾಲು ಇಂಚು, ಗುಂಡು ಅದೇ ಪೌಂಡಿಗೆ 14 ಚಿಲ್ಲರೆ. ಉಗಿಯಂತ್ರದ ಉರುಳೆಯನ್ನು ಹದವಾಗಿ ಕೊರೆಯಲು ಕಲಿತು ಅರವತ್ತು ವರ್ಷ ದಾಟಿದ ದೇಶಕ್ಕೆ ಕೋವಿಯ ನಳಿಗೆಯೊಂದು ಕಷ್ಟವಾಗಿತ್ತೆ?

ಇನ್ನೂ ಒಂದು ಹೋಲಿಕೆ ನನಗೆ ಇದಕ್ಕಿಂತ ಬಲವಾದ ಸಾಕ್ಷಿಯೆನಿಸುತ್ತದೆ. ಹಳೆಯ ಬ್ರಿಟಿಷ್ ಫಿರಂಗಿಗಳಲ್ಲಿ ನಳಿಗೆಗೂ ಗುಂಡಿಗೂ 21ಕ್ಕೆ 20ರ ಪ್ರಮಾಣ, ಅಂದರೆ ಸಂದು ಗುಂಡಿನ ವ್ಯಾಸದ ಇಪ್ಪತ್ತರಲ್ಲೊಂದು ಭಾಗ. ಕೋವಿಯಲ್ಲಿ ಅದು ಹೆಚ್ಚುಕಡಿಮೆ ಹನ್ನೆರಡರಲ್ಲೊಂದು ಭಾಗ. ಎರಕದ ಕಬ್ಬಿಣದ ಫಿರಂಗಿ ಗುಂಡು ತುಕ್ಕು ಹಿಡಿದು ಏರುಪೇರಾಗುವಂಥದ್ದು. ಸೀಸದ ಗುಂಡು ನುಣುಪು, ಮೆದು, ಅಚ್ಚಿನಿಂದ ಒಂದೇ ಸಮನಾಗಿ ಬರುವಂಥದ್ದು. ಕೆಲಸದ ಒರಟುತನವೇ ಕಾರಣವಾಗಿದ್ದರೆ ಹೆಚ್ಚು ಸಡಿಲು ಫಿರಂಗಿಗೆ ಬೇಕಿತ್ತು. ತಿರುಗುಮುರುಗು ಆದದ್ದು ಏಕೆಂದರೆ, ಫಿರಂಗಿಯ ಪಕ್ಕದಲ್ಲಿ ಬಕೀಟು ನೀರು, ಉದ್ದ ಕೋಲಿಗೆ ಕಟ್ಟಿದ ಒದ್ದೆ ತುಪ್ಪಟದ ಒರೆಸು, ಅದನ್ನು ಹಿಡಿಯಲೆಂದೇ ಒಬ್ಬ ಆಳು ಇರುತ್ತಿದ್ದರು. ಪ್ರತಿ ಏಟಿನ ನಂತರ ನಳಿಗೆಯನ್ನು ಒರೆಸಿ ಕಿಡಿ ಆರಿಸುವುದು ಅಲ್ಲಿ ಕ್ರಮದ ಭಾಗ, ಕಿಟ್ಟವೂ ಅದರೊಂದಿಗೇ ಹೋಗುತ್ತಿತ್ತು. ಸಾಲಿನಲ್ಲಿ ನಿಂತ ಸಿಪಾಯಿಗೆ ಬಕೀಟೂ ಇಲ್ಲ, ಸಹಾಯಕನೂ ಇಲ್ಲ. ಒರೆಸುವವನ ಕೆಲಸವನ್ನು ಅವನ ಕೋವಿಯಲ್ಲಿ ಸಂದೇ ಮಾಡಬೇಕಿತ್ತು.

ರೈಫಲ್ ಇತ್ತಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ನಳಿಗೆಯೊಳಗೆ ಸುರುಳಿ ತೋಡು ಕೊರೆದು, ಎಣ್ಣೆ ಸವರಿದ ಬಟ್ಟೆತುಂಡಿನಲ್ಲಿ ಗುಂಡನ್ನು ಸುತ್ತಿ ಬಿಗಿಯಾಗಿ ತುಂಬುವ ಕ್ರಮ ಜರ್ಮನಿಯ ಬೇಟೆಗಾರರಿಗೂ ಅಮೆರಿಕದ ಗಡಿಸೀಮೆಯವರಿಗೂ ಚೆನ್ನಾಗಿ ಗೊತ್ತಿತ್ತು. ಬಟ್ಟೆ ಸಂದನ್ನು ಪೂರ್ತಿ ಮುಚ್ಚುತ್ತದೆ, ತೋಡಿನ ಸುತ್ತನ್ನು ಗುಂಡಿಗೆ ದಾಟಿಸುತ್ತದೆ, 200 ಯಾರ್ಡಿನ ಏಟು ಆಗ ಚಂದ್ರನಿಗೆ ಹೊಡೆದದ್ದಾಗುವುದಿಲ್ಲ. ಬ್ರಿಟಿಷರು 1800ರ ಸುಮಾರಿಗೆ ಬೇಕರ್ ರೈಫಲನ್ನು ತಂದು ತಮ್ಮ ಹಸಿರು ಉಡುಪಿನ ರೈಫಲ್ ದಳಕ್ಕೆ ಕೊಟ್ಟರು. ಗುಂಡು ಇಳಿಸಲು ಮೊದಮೊದಲು ಮರದ ಪುಟ್ಟ ಕೊಡತಿಗಳನ್ನೂ ಕೊಟ್ಟಿದ್ದರಂತೆ, ಆಮೇಲೆ ಅವು ಕೈಬಿಟ್ಟುಹೋದವು. ನನ್ನ ವಾದಕ್ಕೆ ಮುಖ್ಯವಾದದ್ದು ಆ ದಳದವರ ಚೀಲದಲ್ಲಿತ್ತು: ಗುರಿಯಿಟ್ಟು ಹೊಡೆಯಲು ಬಟ್ಟೆಗೆ ಹೊಂದುವ ಬಿಗಿ ಗುಂಡು, ಶತ್ರು ಮೈಮೇಲೆ ಬಿದ್ದಾಗ ತುರುಕಲು ಕಾಗದದ ತೋಟೆಯ ಸಡಿಲು ಗುಂಡು. ಒಬ್ಬನೇ ಆಳು, ಒಂದೇ ಕೋವಿ, ಎರಡು ಬಗೆಯ ಸಂದು. ಯಾವುದು ಬೇಕೆಂಬುದನ್ನು ಆ ಗಳಿಗೆ ತೀರ್ಮಾನಿಸುತ್ತಿತ್ತು. ರೈಫಲನ್ನೇ ಎಲ್ಲರಿಗೂ ಕೊಡದೆ ಇದ್ದದ್ದು ಬರೀ ಜಿಪುಣತನದಿಂದಲೂ ಅಲ್ಲ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಆಂಟನಿ ವೇಯ್ನ್ ತನ್ನವರ ರೈಫಲುಗಳನ್ನು ಕೊಟ್ಟು ಬಾನೆಟ್ಟು ಸಿಕ್ಕಿಸುವ ಸಾದಾ ಕೋವಿ ತೆಗೆದುಕೊಳ್ಳಲು ಹಾತೊರೆದ. ನೆಪೋಲಿಯನ್ 1807ರಲ್ಲಿ ತನ್ನ ಸೈನ್ಯದಿಂದ ರೈಫಲನ್ನು ಹಿಂದಕ್ಕೆ ಪಡೆದ. ಮೊದಲ ಕೆಲವು ಸುತ್ತಿಗೇ ಎದುರಿನ ಸಾಲು ಬಿಳಿಹೊಗೆಯಲ್ಲಿ ಮುಚ್ಚಿಹೋಗುವ ಬಯಲಿನಲ್ಲಿ, ಕಾಣದ ಗುರಿಗೆ ಕರಾರುವಾಕ್ಕಾಗಿ ಹೊಡೆಯುವ ಕೋವಿಯಿಂದ ದಳಪತಿಗೆ ಹೆಚ್ಚಿನ ಉಪಯೋಗವಿರಲಿಲ್ಲ. ಜಾರ್ಜ್ ವಾಷಿಂಗ್ಟನ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಗುಂಡಿನ ಜೊತೆಗೆ ಕೆಲವು ದಪ್ಪ ಚರೆಗಳನ್ನೂ ಸೇರಿಸಿ ಕಟ್ಟಿದ ತೋಟೆ ಬಳಸಲು ಹೇಳಿದ. ಗುರಿ ಕೂಡಿಬರದಿದ್ದರೆ ಎಣಿಕೆಯಾದರೂ ಹೆಚ್ಚಲಿ ಎಂಬ ಎಣಿಕೆ.

ಬೇಟೆಗಾರನ ಕೈಯಲ್ಲಿ ಇದೇ ನುಣುಪು ನಳಿಗೆ ಬೇರೆಯೇ ಆಯುಧ. ಅವನು ನಿಮಿಷಕ್ಕೆ ಮೂರು ಏಟು ಹಾಕುವವನಲ್ಲ; ಬೆಳಗ್ಗೆ ತುಂಬಿದ ಈಡನ್ನು ಮಧ್ಯಾಹ್ನದವರೆಗೆ ಹೊತ್ತು ತಿರುಗುವವನು. ಇಳಿಜಾರಿನಲ್ಲಿ ಬಾಯಿ ಕೆಳಗಾಗಿ ಹಿಡಿದರೂ ಗುಂಡು ಉರುಳಬಾರದು, ಮಂಜಿಗೆ ಮದ್ದು ತಣ್ಣಗಾಗಬಾರದು, ಮೊದಲನೆಯ ಏಟೇ ತಾಗಬೇಕು. ಆದ್ದರಿಂದ ಅವನು ಮದ್ದಿನ ಮೇಲೊಂದು, ಗುಂಡು ಅಥವಾ ಚರೆಯ ಮೇಲೊಂದು ಬಿರಡೆ ಹಾಕುತ್ತಾನೆ. ಯೂರೋಪಿನಲ್ಲಿ ಅದು ಸೆಣಬಿನ ಹಿಂಜು, ತುಪ್ಪಟದ ಬಿಲ್ಲೆ ಅಥವಾ ರಟ್ಟು. ಮಲೆನಾಡು, ಕೊಡಗಿನ ಕೇಪಿನ ಕೋವಿಗಳಲ್ಲಿ ತೆಂಗಿನ ನಾರು, ಹಳೆಯ ಬಟ್ಟೆ, ಕಾಗದ. ಕೆಳಗಿನ ಬಿರಡೆ ಮದ್ದಿನ ಒತ್ತಡ ಗುಂಡಿನ ಪಕ್ಕದಿಂದ ನುಸುಳಿ ಪೋಲಾಗದಂತೆ ತಡೆಯುತ್ತದೆ. ಮೇಲಿನದು ಈಡನ್ನು ಅಲುಗದಂತೆ ಹಿಡಿಯುತ್ತದೆ. ಗಜದಿಂದ ಗಿಡಿಯುವಾಗ ನಾರಿನ ಉಂಡೆ ಎಷ್ಟು ಬಿಗಿಯಿತು ಎಂಬುದು ಕೈಗೇ ತಿಳಿಯಬೇಕು, ಅದಕ್ಕೆ ಅಳತೆಗೋಲಿಲ್ಲ. ಒಂಟಿ ಗುಂಡಿಗೆ ಬಟ್ಟೆ ಸುತ್ತಿ ತುಂಬಿದರೆ ನುಣುಪು ನಳಿಗೆಯೂ ಹತ್ತಿರದ ದೂರಗಳಲ್ಲಿ ಹೇಳಿದ ಮಾತು ಕೇಳುತ್ತದೆ. ಗುಂಡು ಗೋಡೆಯಿಂದ ಗೋಡೆಗೆ ಉಜ್ಜುವುದು ನಿಂತರೆ ರಾಬಿನ್ಸ್ ಹೇಳಿದ ತಿರುಗಾಟದ ಮೂಲವೇ ಸಣ್ಣದಾಗುತ್ತದೆ. ಹಾಗಿದ್ದ ಮೇಲೆ ಬೇಟೆಗಾರನ ಜಾಣತನ ದಳಪತಿಗಳಿಗೇಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ಬೇಟೆಗಾರ ಒಂದು ಏಟಿನ ಬಳಿಕ ಕೂತು, ಚಿಂದಿ ಒದ್ದೆಮಾಡಿ, ನಳಿಗೆ ಒರೆಸಿಕೊಳ್ಳಬಲ್ಲ. ಅವನ ಬಿಗಿ ಈಡಿನ ಬೆಲೆ ಹೊತ್ತು, ಅವನಲ್ಲಿ ಅದು ಬೇಕಾದಷ್ಟಿದೆ. ಎದುರಿನ ಸಾಲು ನೂರು ಹೆಜ್ಜೆ ದೂರದಲ್ಲಿ ಬಾನೆಟ್ಟು ಚಾಚಿ ಬರುತ್ತಿರುವಾಗ ಸಿಪಾಯಿಯಲ್ಲಿ ಅದು ಇರುವುದಿಲ್ಲ.

ನಮ್ಮ ನೆಲದಲ್ಲಿ ಈ ಎರಡು ಕ್ರಮಗಳು ಒಂದೇ ರಣರಂಗದಲ್ಲಿ ಎದುರುಬದುರಾದವು. ದಕ್ಷಿಣದ ಪಾಳೆಯಗಾರರ, ಕಂದಾಚಾರ ಎಂಬ ನಾಡಪಡೆಯವರ ಬತ್ತಿಕೋವಿಗಳು ಉದ್ದ ನಳಿಗೆಯವು, ಭಾರದವು. ಬಿಡಿ ಮದ್ದು, ಬಿಡಿ ಗುಂಡು, ಕಲ್ಲಿಗೋ ಗೋಡೆಗೋ ಆನಿಸಿ ಸಾವಧಾನದಿಂದ ಹೊಡೆಯುವ ಕ್ರಮ. ಒಡೆಯ ತನ್ನ ನಳಿಗೆಗೆ ತಕ್ಕ ಗುಂಡನ್ನು ತಾನೇ ಆರಿಸಿಕೊಳ್ಳಬಹುದಾದ್ದರಿಂದ ಸಂದು ಎಷ್ಟಿರಬೇಕೆಂಬುದು ಅವನ ಕೈಲಿತ್ತು. ಕೋಟೆಯ ಮೇಲಿನ ಬತ್ತಿಕೋವಿಗಳ ಏಟು ತಮ್ಮ ಕೋವಿಗಿಂತ ದೂರಕ್ಕೆ ಬರುತ್ತದೆ ಎಂದು ಕಂಪನಿಯ ಅಧಿಕಾರಿಗಳೇ ದೂರಿದ್ದುಂಟು. ಅಷ್ಟಿದ್ದೂ ಹೈದರಾಲಿ, ಟಿಪ್ಪು ಇಬ್ಬರೂ ಆ ಕೋವಿಯನ್ನು ಮುಖ್ಯ ಪಡೆಯ ಆಯುಧವಾಗಿ ಉಳಿಸಿಕೊಳ್ಳಲಿಲ್ಲ. ಮೈಸೂರಿನ ಕವಾಯತಿನ ಕಾಲಾಳಿಗೆ ಚಕಮಕಿಯ ಕೋವಿ, ಬಾನೆಟ್ಟು. ಅವು ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಫ್ರೆಂಚ್ ಮಾದರಿ ನೋಡಿ ತಯಾರಾದವು, ಕೆಲವುಗಳ ಮೇಲೆ ಹುಲಿಯ ಪಟ್ಟೆ. ಝೈನುಲ್ ಆಬಿದೀನ್ ಶುಸ್ತರಿ ಟಿಪ್ಪುವಿಗಾಗಿ ಬರೆದ ‘ಫತಹುಲ್ ಮುಜಾಹಿದೀನ್’ ಎಂಬ ಕೈಪಿಡಿಯಲ್ಲಿ ಕವಾಯತಿನ ಆಜ್ಞೆಗಳನ್ನು ಪಾರಸಿಯಲ್ಲಿ ಗೊತ್ತುಮಾಡಲಾಗಿದೆ. ದೂರಕ್ಕೆ ಹೊಡೆಯುವ ಕೋವಿ ಮನೆಯಲ್ಲೇ ಇರುವಾಗ ಹತ್ತಿರಕ್ಕೆ ಹೊಡೆಯುವುದನ್ನು ಆರಿಸಿಕೊಂಡ ಈ ಅರಸರನ್ನು ಯಾರೂ ಶಸ್ತ್ರಜ್ಞಾನವಿಲ್ಲದವರೆನ್ನಲಾರರು. ರಾಕೆಟ್ಟಿಗೆ ಕಬ್ಬಿಣದ ಕೊಳವೆ ಹೊಂದಿಸಿ ದೂರ ಹೆಚ್ಚಿಸಿಕೊಂಡವರು, ಕೋವಿಯಲ್ಲಿ ಮಾತ್ರ ವೇಗವನ್ನು ಆರಿಸಿಕೊಂಡರು. ಅವರ ಲೆಕ್ಕ ಬರ್ಲಿನ್, ಲಂಡನ್ನಿನ ಲೆಕ್ಕಕ್ಕಿಂತ ಬೇರೆಯಾಗಿರಲಿಲ್ಲ.

ಸಂದು ಹೇಳಿಕೊಳ್ಳುವಷ್ಟು ಕಿರಿದಾದದ್ದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ. ಫ್ರಾನ್ಸಿನ ಮಿನಿಯೆ 1849ರಲ್ಲಿ ರೂಪಿಸಿದ ಗುಂಡು ಉದ್ದನೆಯದು, ಬುಡ ಟೊಳ್ಳು; ತುಂಬುವಾಗ ಸಡಿಲು, ಸಿಡಿದಾಗ ಬುಡ ಅರಳಿ ತೋಡುಗಳಿಗೆ ಕಚ್ಚಿಕೊಳ್ಳುತ್ತದೆ. ದುಂಡು ಗುಂಡಿನ ಕಾಲ ಸೈನ್ಯಗಳಲ್ಲಿ ಅಲ್ಲಿಗೆ ಮುಗಿಯಿತು. ಬ್ರಿಟಿಷರ 1853ರ ಎನ್‌ಫೀಲ್ಡ್ ಇದೇ ತತ್ತ್ವದ್ದು: ನಳಿಗೆ 0.577 ಇಂಚು, ಗುಂಡು 0.568. ಒಂದೂವರೆ ಮಿಲಿಮೀಟರ್ ಇದ್ದ ಸಂದು ಕಾಲು ಮಿಲಿಮೀಟರಿಗೂ ಕೆಳಗೆ ಇಳಿಯಿತು. ಇಷ್ಟು ಬಿಗಿಯಲ್ಲಿ ಕಿಟ್ಟವನ್ನು ಮೆದುಮಾಡಲು, ಗುಂಡನ್ನು ಜಾರಿಸಲು ಜಿಡ್ಡು ಅನಿವಾರ್ಯ. ಬ್ರೌನ್ ಬೆಸ್ಸಿನ ಒಣ ತೋಟೆಯನ್ನು ಬಂಗಾಳದ ಸಿಪಾಯಿಗಳು, ಅವರ ಅಪ್ಪಂದಿರು, ಅಜ್ಜಂದಿರು ಕಚ್ಚುತ್ತಲೇ ಬಂದಿದ್ದರು. ಕಾಗದಕ್ಕೂ ಮದ್ದಿಗೂ ಜಾತಿಯಿರಲಿಲ್ಲ. ಜಿಡ್ಡಿಗೆ ಇತ್ತು. ಅದು ಹಸುವಿನದೋ ಹಂದಿಯದೋ ಎಂಬ ಮಾತು 1857ರ ಜನವರಿಯಲ್ಲಿ ದಮ್‌ದಮ್ಮಿನಿಂದ ಹೊರಟಿತು. 1857ರ ದಂಗೆಗೆ ತೋಟೆಯೊಂದೇ ಕಾರಣವೆಂದರೆ ನಗೆಗೀಡಾಗಬೇಕಾಗುತ್ತದೆ. ಅವಧ್‌ನ ಕಬಳಿಕೆ, ಭತ್ಯದ ತಕರಾರು, ಹೊರದೇಶಕ್ಕೆ ಕಳಿಸುವ ಭಯ ಎಲ್ಲವೂ ಇದ್ದವು. ಫೆಬ್ರವರಿಯಲ್ಲಿ ಬೆಹ್ರಾಂಪುರದ 19ನೇ ದಳ ತಿರಸ್ಕರಿಸಿದ್ದು, ಏಪ್ರಿಲಿನಲ್ಲಿ ಮೀರತ್‌ನ ಕುದುರೆ ಸವಾರರು ಮುಟ್ಟಲೊಲ್ಲದ್ದು ಹಳೆಯ ಮಾದರಿಯ ತೋಟೆಗಳನ್ನೇ ಎಂಬುದು ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಂಗತಿ ಎಂದು ತೋರಬಹುದು. ಆದರೆ ಸಂಶಯ ಹುಟ್ಟಿದ್ದು ಹೊಸ ತೋಟೆಯಲ್ಲಿ, ಅದು ಹಳೆಯದಕ್ಕೂ ಅಂಟಿಕೊಂಡಿತು. ಹಲ್ಲಿನ ಬದಲು ಕೈಯಿಂದ ಹರಿಯಲಿ ಎಂದು ಸರ್ಕಾರ ಕವಾಯತಿನ ಕ್ರಮವನ್ನೇ ತಿದ್ದಿದಾಗ, ನೂರು ವರ್ಷದಿಂದ ಇಲ್ಲದ ತಿದ್ದುಪಡಿ ಈಗೇಕೆ ಎಂದು ಸಂಶಯ ಇನ್ನಷ್ಟು ಗಟ್ಟಿಯಾಯಿತು.

ದಂಗೆಯ ಬೆನ್ನಿಗೆ ಬಂದ ನಿಶ್ಶಸ್ತ್ರೀಕರಣದ ಕಾಯ್ದೆಯ ಬಿಸಿ ಇಲ್ಲಿಗೂ ತಟ್ಟಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಒಪ್ಪಿಸಲೊಲ್ಲದೆ 1857ರ ನವೆಂಬರಿನಲ್ಲಿ ಕಾದಾಡಿ ಸತ್ತರು, ಉಳಿದವರಲ್ಲಿ ಹಲವರು ಗಲ್ಲಿಗೇರಿದರು. ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು; ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ, ಎಂದರೆ ಕೋವಿಗೆ, ಈಗಲೂ ಪೂಜೆ ಸಲ್ಲುತ್ತದೆ. ಹೀಗೆ ನುಣುಪು ನಳಿಗೆ ಸೈನ್ಯದಿಂದ ಹೊರಬಿದ್ದ ಮೇಲೂ ನಮ್ಮ ಕಾಡಂಚಿನ ಮನೆಗಳ ಅಟ್ಟದಲ್ಲಿ ಬಹುಕಾಲ ಉಳಿಯಿತು, ಗದ್ದೆಗೆ ಬರುವ ಹಂದಿಯ ನೆಪದಲ್ಲಿ.

ಎನ್‌ಫೀಲ್ಡ್ ವಿಷಯದಲ್ಲಿ ಸಂದು ತನ್ನ ಹಕ್ಕನ್ನು ಮತ್ತೆ ಕೇಳಿ ಪಡೆಯಿತು. ದಂಗೆಯನ್ನು ಅಡಗಿಸಲು 1857-58ರ ಬೇಸಗೆಯಲ್ಲಿ ಹೊಸ ರೈಫಲ್ ಹಿಡಿದು ಹೊರಟ ಬ್ರಿಟಿಷ್ ದಳಗಳಿಗೆ ಗುಂಡು ಇಳಿಸುವುದೇ ದುಸ್ತರವಾಯಿತು: ಸೆಕೆಗೆ ಜಿಡ್ಡು ಕರಗಿ ಹೋಗುತ್ತಿತ್ತು, ಒಣ ಹವೆಗೆ ಕಿಟ್ಟ ಕಲ್ಲಾಗುತ್ತಿತ್ತು, ಕಾಲು ಮಿಲಿಮೀಟರಿನ ಬಿಗಿಯಲ್ಲಿ ಎರಡಕ್ಕೂ ಎಡೆಯಿರಲಿಲ್ಲ. 1859ರಲ್ಲಿ ಗುಂಡನ್ನು 0.55 ಇಂಚಿಗೆ ಕಿರಿದುಮಾಡಿ, ಬುಡಕ್ಕೊಂದು ಮರದ ಬೆಣೆ ಸೇರಿಸಿ, ಪ್ರಾಣಿಕೊಬ್ಬಿನ ಬದಲು ಜೇನುಮೇಣ ಹಚ್ಚಿದರು. ಸಂದು ಮೂರು ಪಟ್ಟು ಹಿಗ್ಗಿ ಮುಕ್ಕಾಲು ಮಿಲಿಮೀಟರಿನ ಹತ್ತಿರಕ್ಕೆ ಬಂತು. ಕೋವಿಯನ್ನು ಹಿಂದಿನಿಂದ ತುಂಬುವ ಸ್ನೈಡರ್ ಏರ್ಪಾಡು 1866ರಲ್ಲಿ ಬರುವವರೆಗೂ ಬ್ರಿಟಿಷ್ ಸೈನ್ಯ ಅದನ್ನು ಮತ್ತೆ ಬಿಗಿಮಾಡುವ ಗೋಜಿಗೆ ಹೋಗಲಿಲ್ಲ.